ಬೇರಿಲ್ಲದ ಗಿಡಕ್ಕೆ ಎಂಥ ಕುಂಡ?

"ತೂತಿಲ್ಲದ ಕುಂಡ ಬೇಕಿತ್ತು" ಎಂದು ಕೇಳಿದರೆ ಚಿಕ್ಕಮಗಳೂರಿನಲ್ಲಿ ನಾನು ಸದಾ ಹೋಗುವ ನರ್ಸರಿಯಲ್ಲಿ ಈಗಲೂ ನೀರು ಹಾಕುತ್ತಿರುವ ಕೈ ಒಂದು ಕ್ಷಣ ನಿಲ್ಲುತ್ತದೆ. "ಬೇಡ ಅಕ್ಕ, ನೀರು ನಿಂತರೆ ಬೇರು ಕೊಳೆತುಹೋಗುತ್ತದೆ" ಎಂದು ಅಲ್ಲಿಯ ಹುಡುಗ ಕಾಳಜಿಯಿಂದಲೇ ಹೇಳುತ್ತಾನೆ. ಗುಲಾಬಿಗೆ, ದಾಸವಾಳಕ್ಕೆ, ಆಂಥೂರಿಯಂಗೆ ಅವನ ಮಾತು ನೂರಕ್ಕೆ ನೂರು ಸರಿ. ನಾನು ಕುಂಡ ಹುಡುಕುತ್ತಿದ್ದ ಗಿಡಕ್ಕೆ ಮಾತ್ರ ಕೊಳೆಯುವುದಕ್ಕೆ ಬೇರೇ ಇಲ್ಲ.

ಆ ಗಿಡ ಯುಟ್ರಿಕ್ಯುಲೇರಿಯಾ. ಶಾಲೆಯ ಜೀವಶಾಸ್ತ್ರದ ಪಾಠದಲ್ಲಿ ಹೂಜಿಗಿಡ, ಡ್ರಾಸಿರಾಗಳ ಜೊತೆಗೆ ಕೀಟಾಹಾರಿ ಸಸ್ಯಗಳ ಸಾಲಿನಲ್ಲಿ ಇದರ ಹೆಸರನ್ನು ನಮ್ಮಲ್ಲಿ ಹೆಚ್ಚಿನವರು ಒಮ್ಮೆ ಬಾಯಿಪಾಠ ಮಾಡಿದ್ದೇವೆ. ಜಗತ್ತಿನಲ್ಲಿ ಇದರ ಸುಮಾರು 240 ಪ್ರಭೇದಗಳಿವೆ. ಕೀಟಾಹಾರಿಗಳಲ್ಲಿ ಇಷ್ಟು ದೊಡ್ಡ ಕುಲ ಇನ್ನೊಂದಿಲ್ಲ. ಯುಟ್ರಿಕ್ಯುಲಸ್ ಎಂದರೆ ಲ್ಯಾಟಿನ್ ಭಾಷೆಯಲ್ಲಿ ತೊಗಲಿನ ಪುಟ್ಟ ಚೀಲ. ನಮ್ಮ ಮನೆಯಲ್ಲಿ ಇದನ್ನು ಗುಳ್ಳೆಗಿಡ ಎನ್ನುತ್ತೇವೆ. ಇಲ್ಲಿಯೂ ಹಾಗೆಯೇ ಕರೆಯುತ್ತೇನೆ.

ಮೇಲೆ ಕಾಣುವುದು ಉಗುರಿಗಿಂತ ಚಿಕ್ಕ ಎಲೆಗಳು, ಕೂದಲಿನಂಥ ದಂಟಿನ ತುದಿಯಲ್ಲಿ ಒಂದೆರಡು ಹೂ. ಗಿಡದ ಸಂಸಾರವೆಲ್ಲ ನಡೆಯುವುದು ಕೆಳಗೆ. ಒದ್ದೆ ಮಣ್ಣಿನೊಳಗೆ ಬಿಳಿಯ ದಾರದಂಥ ಎಳೆಗಳು ಹರಡುತ್ತವೆ. ಆ ಎಳೆಗಳ ಮೇಲೆ ಗಸಗಸೆ ಕಾಳಿನಷ್ಟು, ಕೆಲವೊಮ್ಮೆ ಅದಕ್ಕಿಂತಲೂ ಚಿಕ್ಕ ಗುಳ್ಳೆಗಳಿರುತ್ತವೆ. ಗುಳ್ಳೆ ತನ್ನೊಳಗಿನ ನೀರನ್ನು ಹೊರಹಾಕಿ, ಕೆನ್ನೆ ಒಳಗೆಳೆದುಕೊಂಡಂತೆ ಬಿಗಿಯಾಗಿ ಕಾಯುತ್ತಿರುತ್ತದೆ. ಬಾಗಿಲ ಬಳಿಯ ರೋಮಕ್ಕೆ ಸೂಕ್ಷ್ಮ ಜೀವಿಯೊಂದು ತಾಗಿದರೆ ಸಾಕು, ಬಾಗಿಲು ಒಳಕ್ಕೆ ಮಡಚಿಕೊಂಡು ಗುಳ್ಳೆ ಅದನ್ನು ನೀರಿನ ಸಮೇತ ಹೀರಿಬಿಡುತ್ತದೆ. ಇದೆಲ್ಲ ಮುಗಿಯಲು ಒಂದು ಸೆಕೆಂಡಿನ ಸಾವಿರದ ಕೆಲವೇ ಭಾಗ ಸಾಕು. ಹೀಗೆ ಹೀರಬೇಕಾದರೆ ಗುಳ್ಳೆಯ ಸುತ್ತ ನೀರು ಇರಲೇಬೇಕು. ಮಣ್ಣಿನ ಕಣಗಳ ಸಂದುಗೊಂದುಗಳೆಲ್ಲ ನೀರಿನಿಂದ ತುಂಬಿರಬೇಕು. ಬೇರೆ ಗಿಡಗಳಿಗೆ ಕುಂಡ ಆರಿಸುವಾಗ ನೀರು ಹೇಗೆ ಬಸಿದು ಹೋಗುತ್ತದೆ ಎಂದು ನೋಡುತ್ತೇವೆ. ಗುಳ್ಳೆಗಿಡಕ್ಕೆ ಆರಿಸುವಾಗ ನೀರು ಎಲ್ಲಿಯವರೆಗೆ ನಿಲ್ಲುತ್ತದೆ, ಎಷ್ಟು ದಿನ ನಿಲ್ಲುತ್ತದೆ ಎಂದು ನೋಡಬೇಕು. ಮುಂದೆ ಹೇಳುವ ಎಲ್ಲ ಹೋಲಿಕೆಗೂ ನಾನು ಹಿಡಿದಿರುವ ಅಳತೆಗೋಲು ಇದೊಂದೇ.

ನಮ್ಮ ಕಡೆಯವರಿಗೆ ಇದು ಪರದೇಶದ ಗಿಡವೇನೂ ಅಲ್ಲ. ಮಳೆಗಾಲ ಇಳಿಮುಖವಾಗುವ ಹೊತ್ತಿಗೆ ಘಟ್ಟದ ಜೌಗು ಹುಲ್ಲಿನಲ್ಲಿ, ಹಡ್ಲುಗದ್ದೆಗಳ ಅಂಚಿನಲ್ಲಿ ನೇರಳೆ ಚುಕ್ಕಿ ಚೆಲ್ಲಿದಂತೆ ಕಾಣುವ ಹೂಗಳಲ್ಲಿ ಗುಳ್ಳೆಗಿಡಗಳೂ ಇರುತ್ತವೆ. ಗ್ರಾಮಿನಿಫೋಲಿಯಾ, ರೆಟಿಕ್ಯುಲೇಟಾ ಇಂಥವು. ನೀರು ಜಿನುಗುವ ದರೆಯ ಹಾವಸೆಯ ಮೇಲೆ, ಪಾಚಿಗಟ್ಟಿದ ಮರದ ಕಾಂಡದ ಮೇಲೆ ಬೀಸಣಿಗೆಯಂಥ ತಿಳಿಬಣ್ಣದ ಪುಟ್ಟ ಹೂ ಬಿಡುವುದು ಸ್ಟ್ರಯಾಟುಲಾ. ಕೆರೆಯಲ್ಲಿ, ನೀರು ನಿಂತ ಗದ್ದೆಯಲ್ಲಿ ತೇಲುತ್ತಾ ಹಳದಿ ಹೂವನ್ನು ಮೇಲೆತ್ತುವುದು ಆರಿಯಾ. ಮಣ್ಣಿನದು, ಬಂಡೆಯದು, ನೀರಿನದು ಎಂದು ಮೂರು ಬಗೆಯ ಬಾಳು. ಕುಂಡವೂ ಈ ಮೂರಕ್ಕೆ ಮೂರು ಬಗೆ.

ಕಾಡಿನಿಂದ ಕಿತ್ತು ತರುವ ಯೋಚನೆ ಮಾತ್ರ ಬೇಡ. ಕುದುರೆಮುಖ ರಾಷ್ಟ್ರೀಯ ಉದ್ಯಾನ, ಭದ್ರಾ ಅಭಯಾರಣ್ಯದಂಥ ಕಡೆ ಗಿಡ ಕೀಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಅದಲ್ಲದೆ ಅಲ್ಲಿಯ ಎಷ್ಟೋ ಗುಳ್ಳೆಗಿಡಗಳು ಒಂದು ಮಳೆಗಾಲಕ್ಕೆ ಹುಟ್ಟಿ, ಬೀಜ ಚೆಲ್ಲಿ ಮುಗಿದುಹೋಗುವಂಥವು. ಹೂವಿನ ಸಮೇತ ಕಿತ್ತರೆ ಮನೆಗೆ ಬರುವುದು ಆಯುಸ್ಸು ತೀರುತ್ತಿರುವ ಗಿಡ, ಬೆಟ್ಟ ಕಳೆದುಕೊಳ್ಳುವುದು ಮುಂದಿನ ವರ್ಷದ ಬೀಜ. ಬೆಳೆಸುವವರ ಕೈಯಿಂದ ಕೈಗೆ ಬರುವ ಗಿಡಗಳೇ ಬೇಕಾದಷ್ಟಿವೆ. ದಕ್ಷಿಣ ಆಫ್ರಿಕಾದ ಸ್ಯಾಂಡರ್ಸೋನಿಯ ಹೂ ಕಿವಿ ನಿಮಿರಿಸಿದ ಮೊಲದ ಮರಿಯಂತೆ ಇರುತ್ತದೆ. ಲಿವಿಡಾ ಇದೆ. ಅಕ್ವೇರಿಯಂ ಅಂಗಡಿಗಳಲ್ಲಿ ನೀರೊಳಗಿನ ಹುಲ್ಲುಹಾಸಿಗೆಂದು ಮಾರುವ ಗ್ರಾಮಿನಿಫೋಲಿಯಾ ಇದೆ. ನೀರಿನಲ್ಲಿ ಬೆಳೆಯುವ ಗಿಬ್ಬಾ ಇದೆ.

ಸಿಮೆಂಟು ಮತ್ತು ನಿಂಬೆಹಣ್ಣು

ನನ್ನ ಮೊದಲ ಗಿಡ ಹೋದದ್ದು ಸಿಮೆಂಟ್ ಕುಂಡದಲ್ಲಿ. ಸ್ನೇಹಿತೆಯೊಬ್ಬಳು ಕೊಟ್ಟ ಐದು ರೂಪಾಯಿ ನಾಣ್ಯದಗಲದ ಸ್ಯಾಂಡರ್ಸೋನಿಯನ್ನು ಮನೆಯ ಮುಂದಿದ್ದ ಹೊಸ ಸಿಮೆಂಟ್ ಕುಂಡದಲ್ಲಿ ನೆಟ್ಟೆ. ಕುಂಡ ಭಾರವಾಗಿದೆ, ಗಾಳಿಗೆ ಬೀಳುವುದಿಲ್ಲ, ನೀರು ಹಿಡಿಯುತ್ತದೆ ಎಂಬ ಲೆಕ್ಕಾಚಾರ. ಮೂರು ವಾರಕ್ಕೆ ಎಲೆಗಳು ಅಂಚಿನಿಂದ ಹಳದಿಯಾಗಿ, ಒಂದು ತಿಂಗಳಿಗೆ ಬರೀ ಮಣ್ಣು ಉಳಿಯಿತು. ಅದಾದ ಮೇಲೆ ಕುಂಡವನ್ನು ತೊಳೆದು ಒಣಗಿಸಿ, ಒಳಗೋಡೆಯ ಮೇಲೆ ಅರ್ಧ ಹೋಳು ನಿಂಬೆಹಣ್ಣು ಹಿಂಡಿದೆ. ರಸ ಇಳಿದ ದಾರಿಯುದ್ದಕ್ಕೂ ಸೂಜಿಮೊನೆಯಷ್ಟು ನೊರೆಗುಳ್ಳೆಗಳು ಎದ್ದವು. ಕಿವಿ ಹತ್ತಿರ ಒಯ್ದರೆ ಚುರ್ ಎಂಬ ಸಣ್ಣ ಸದ್ದು. ಹುಳಿಗೆ ನೊರೆಯೇಳುವ ಆ ಸುಣ್ಣದ ಅಂಶವೇ ದಿನವೂ ನೀರಿಗೆ ಇಳಿಯುತ್ತಿತ್ತು. ಗುಳ್ಳೆಗಿಡಕ್ಕೆ ಬೇಕಾದದ್ದು ತುಸು ಆಮ್ಲೀಯವಾದ, ಲವಣವಿಲ್ಲದ ಮೆದುನೀರು. ಸಿಮೆಂಟು ಅದನ್ನು ಕ್ಷಾರದ ಕಡೆಗೆ ಎಳೆದುಬಿಡುತ್ತದೆ.

ಆದ್ದರಿಂದ ಸಿಮೆಂಟ್ ಕುಂಡವನ್ನು ಆಯ್ಕೆಯಿಂದ ಪೂರ್ತಿ ಕೈಬಿಡಿ. ವರ್ಷಗಟ್ಟಲೆ ಮಳೆಯಲ್ಲಿ ನೆನೆದ ಹಳೆಯ ಕುಂಡದಲ್ಲಿ ಸುಣ್ಣದ ಪ್ರಭಾವ ಕಡಿಮೆಯಾಗಿರುತ್ತದೆ ಎನ್ನುವುದು ನಿಜ, ಆದರೆ ಅಗ್ಗದ ಪ್ಲಾಸ್ಟಿಕ್ ಕುಂಡ ಕೈಗೆಟಕುವಾಗ ಆ ಪರೀಕ್ಷೆ ಯಾಕೆ? ನಿಂಬೆಹಣ್ಣನ್ನು ಮಾತ್ರ ಜೊತೆಗಿಟ್ಟುಕೊಳ್ಳಿ. ಮರಳು, ಜಲ್ಲಿ, ಅಲಂಕಾರದ ಕಲ್ಲು, ಯಾವುದೇ ಇರಲಿ, ಒಂದು ಚಿಟಿಕೆಯ ಮೇಲೆ ರಸ ಬಿಟ್ಟು ನೋಡಿ. ನೊರೆ ಎದ್ದರೆ ಬೇಡ.

ಕಲ್ಲಿನ ಮಾತು ಬಂದದ್ದರಿಂದ ಹಾಸನ, ಬೇಲೂರು, ಸಕಲೇಶಪುರದ ಕಡೆಯವರಿಗೆ ಒಂದು ವಿಷಯ ಹೇಳಬೇಕು. ಹಳೆಯ ಮನೆಗಳ ಕೊಟ್ಟಿಗೆಯ ಪಕ್ಕ ದನಕ್ಕೆ ನೀರು ಕುಡಿಸುತ್ತಿದ್ದ ಕಲ್ಲಿನ ಮರಿಗೆ ಮಣ್ಣಲ್ಲಿ ಅರ್ಧ ಹೂತು ಬಿದ್ದಿರುತ್ತದೆ. ಗ್ರಾನೈಟಿನ ಮರಿಗೆಯಾದರೆ ಕಣ್ಣು ಮುಚ್ಚಿ ಬಳಸಬಹುದು, ಅದು ನೀರಿಗೆ ಏನನ್ನೂ ಬಿಡುವುದಿಲ್ಲ. ಬಳಪದ ಕಲ್ಲು ಸಹ ಸಾಮಾನ್ಯವಾಗಿ ಒಳ್ಳೆಯದೇ, ಆದರೆ ಕೆಲವು ಬಳಪದ ಕಲ್ಲಿನಲ್ಲಿ ಕಾರ್ಬೊನೇಟ್ ಸೇರಿರುತ್ತದೆ, ಅದಕ್ಕೆ ನಿಂಬೆರಸದ ಪರೀಕ್ಷೆ ಮಾಡಿಯೇ ಬಳಸಿ. ತವರಿನ ಹಿತ್ತಿಲಲ್ಲಿದ್ದ ಇಂಥದ್ದೊಂದು ಗ್ರಾನೈಟ್ ಮರಿಗೆಯಲ್ಲಿ ಈಗ ಐದನೆಯ ಮಳೆಗಾಲ ಲಿವಿಡಾ ಹೂ ಬಿಡುತ್ತಿದೆ. ಏಪ್ರಿಲ್ ಮಧ್ಯಾಹ್ನ ಕೈಯಿಟ್ಟರೂ ಒಳಗಿನ ನೀರು ತಣ್ಣಗಿರುತ್ತದೆ. ನಾನು ಕಂಡ ಎಲ್ಲ ಪಾತ್ರೆಗಳಲ್ಲಿ ಇದಕ್ಕೆ ಸಾಟಿಯಿಲ್ಲ. ಆದರೆ ಇದು ಅಂಗಡಿಯಲ್ಲಿ ಸಿಗುವ ವಸ್ತುವಲ್ಲ, ಇಬ್ಬರು ಸೇರಿದರೂ ಎತ್ತಲಾಗುವುದಿಲ್ಲ.

ಮಣ್ಣಿನ ಕುಂಡ

ಸುಟ್ಟ ಮಣ್ಣಿನ ಕುಂಡದ ವಿಷಯದಲ್ಲಿ ನನ್ನ ಮನಸ್ಸು ಎರಡಾಗಿದೆ. ಅದರ ಮೈಯಿಂದ ನೀರು ಆವಿಯಾಗುತ್ತಾ ಒಳಗಿನದನ್ನು ತಂಪಾಗಿಡುತ್ತದೆ. ಹೂಜಿಯ ನೀರು ತಣ್ಣಗಿರುವುದೂ ಇದೇ ಕಾರಣಕ್ಕೆ. ಬೇಸಿಗೆಯಲ್ಲಿ ಅದು ದೊಡ್ಡ ಉಪಕಾರ. ಅದೇ ಆವಿಯಾಗುವಿಕೆ ಎರಡು ತೊಂದರೆಯನ್ನೂ ತರುತ್ತದೆ. ಒಂದು, ಮಾರ್ಚ್ ತಿಂಗಳ ಒಣಗಾಳಿಯಲ್ಲಿ ಅಂಗೈಯಗಲದ ಕುಂಡ ಒಂದೇ ದಿನದಲ್ಲಿ ಒಣಗುತ್ತದೆ. ಇನ್ನೊಂದು, ನೀರು ಹೋದರೂ ಅದರಲ್ಲಿದ್ದ ಲವಣ ಗೋಡೆಯಲ್ಲೇ ಉಳಿದು ಕೂಡುತ್ತಾ ಹೋಗುತ್ತದೆ. ಕಡೂರು, ಅರಸೀಕೆರೆ ಕಡೆಯ ಗಡಸು ಬೋರ್‌ವೆಲ್ ನೀರು ಹಾಕಿದ ಯಾವುದೇ ಮಣ್ಣಿನ ಕುಂಡವನ್ನು ನೋಡಿ, ಹೊರಮೈಯಲ್ಲಿ ಬೂದಿ ಬಳಿದಂಥ ಬಿಳಿ ಪಟ್ಟೆ ಕಾಣುತ್ತದೆ. ಆ ಪಟ್ಟೆಯೇ ಗುಳ್ಳೆಗಿಡಕ್ಕೆ ವಿಷ.

ಹಾಗೆಂದು ಬಿಸಾಡಬೇಡಿ. ಪ್ಲಾಸ್ಟಿಕ್ ಕುಂಡವನ್ನು ಅಗಲವಾದ ಮಣ್ಣಿನ ಕುಂಡದೊಳಗೆ ಇಳಿಸಿ, ನಡುವಿನ ಸಂದಿಗೆ ಒದ್ದೆ ಮರಳು ತುಂಬಿ. ಹೊರಗಿನದು ತಂಪು ಕೊಡುತ್ತದೆ, ಒಳಗಿನದು ನೀರು ಕಾಯುತ್ತದೆ. ಹೊರಗಿನ ಮರಳಿಗೆ ನಲ್ಲಿಯ ನೀರು ಹಾಕಿದರೂ ನಡೆಯುತ್ತದೆ, ಗಿಡಕ್ಕೆ ಅದರ ಸೋಂಕಿಲ್ಲ. ಒಳಗಿನ ಕುಂಡದ ತಳದಲ್ಲಿ ತೂತಿರಬಾರದು ಅಷ್ಟೆ.

ಪ್ಲಾಸ್ಟಿಕ್ಕಿನಲ್ಲಿ ಮೂರು ದಾರಿ

ನೆಲದ ಗುಳ್ಳೆಗಿಡಗಳಿಗೆ ನಾನು ಪ್ಲಾಸ್ಟಿಕ್ ಕುಂಡವನ್ನೇ ಹೇಳುತ್ತೇನೆ. ಬೇರಿನ ಗೊಡವೆ ಇಲ್ಲದ್ದರಿಂದ ಗಾತ್ರ ದೊಡ್ಡದು ಬೇಕಿಲ್ಲ. ಎಂಟರಿಂದ ಹತ್ತು ಸೆಂಟಿಮೀಟರ್ ಅಗಲ, ಹತ್ತರಿಂದ ಹನ್ನೆರಡು ಸೆಂಟಿಮೀಟರ್ ಆಳ ಸಾಕು. ಸಿಹಿತಿಂಡಿ ಕೊಡುವ ತೆಳು ಡಬ್ಬದಂಥ ಐದು ಸೆಂಟಿಮೀಟರ್ ಆಳದಲ್ಲೂ ಗಿಡ ಬೆಳೆಯುತ್ತದೆ. ಆದರೆ ಆಳವೆಂದರೆ ಇಲ್ಲಿ ನೀರಿನ ದಾಸ್ತಾನು. ಎರಡು ದಿನ ಊರಿಗೆ ಹೋಗಿ ಬರುವಷ್ಟರಲ್ಲಿ ತೆಳು ಡಬ್ಬ ಒಣಗಿರುತ್ತದೆ, ಆಳದ ಕುಂಡ ತಡೆಯುತ್ತದೆ. ಪ್ರಶ್ನೆಯೆಲ್ಲ ಇರುವುದು ತೂತಿನಲ್ಲಿ.

ತಳದಲ್ಲಿ ತೂತಿರುವ ಮಾಮೂಲಿ ಕುಂಡವನ್ನು ನೀರು ತುಂಬಿದ ತಟ್ಟೆಯಲ್ಲಿ ಇಡುವುದು ಎಲ್ಲರೂ ಮೊದಲು ಹಿಡಿಯುವ ದಾರಿ. ಒಳ್ಳೆಯ ಗುಣವೇನೆಂದರೆ ಮೇಲಿನಿಂದ ಧಾರಾಳವಾಗಿ ಮಳೆನೀರು ಸುರಿದು ಕೂಡಿದ ಲವಣವನ್ನು ತೊಳೆದುಬಿಡಬಹುದು. ತಟ್ಟೆಯ ನೀರನ್ನು ಏರಿಸಿ ಇಳಿಸಿ ಮಣ್ಣಿನ ಒದ್ದೆಯನ್ನು ಹದಮಾಡಬಹುದು. ನನ್ನ ಸ್ಯಾಂಡರ್ಸೋನಿ, ತಟ್ಟೆಯ ನೀರನ್ನು ಎರಡು ವಾರ ಸ್ವಲ್ಪ ಕೆಳಗಿಳಿಸಿದಾಗಲೆಲ್ಲ ಹೂವಿನ ದಂಟು ಎತ್ತಿದೆ. ಕೆಟ್ಟ ಗುಣವೆಂದರೆ ಗಿಡ ಕುಂಡದಲ್ಲಿ ನಿಲ್ಲುವುದಿಲ್ಲ. ಎಳೆಗಳು ತೂತಿನಿಂದ ಕೆಳಗಿಳಿದು ತಟ್ಟೆಯ ತುಂಬ ಹರಡಿ, ಪಕ್ಕದ ಕುಂಡದ ತೂತಿನಿಂದ ಒಳಗೆ ನುಗ್ಗುತ್ತವೆ. ಎರಡು ಜಾತಿಯ ಕುಂಡಗಳನ್ನು ಒಂದೇ ತಟ್ಟೆಯಲ್ಲಿಟ್ಟರೆ ವರ್ಷದೊಳಗೆ ಯಾವುದು ಯಾವುದೆಂದು ತಿಳಿಯದಂತೆ ಬೆರೆತುಹೋಗುತ್ತವೆ. ಜಾತಿಗೊಂದು ತಟ್ಟೆ ಇರಲೇಬೇಕು. ಸಬುಲೇಟಾ ಎಂಬ ಹಳದಿ ಹೂವಿನ ಸಣ್ಣ ಗುಳ್ಳೆಗಿಡವಂತೂ ಕಳೆಯೇ ಸರಿ, ಒಮ್ಮೆ ಹೊಕ್ಕರೆ ಉಳಿದೆಲ್ಲ ಕುಂಡಗಳಲ್ಲೂ ತಾನೇ ಕಾಣಿಸಿಕೊಳ್ಳುತ್ತದೆ.

ತೂತೇ ಇಲ್ಲದ ಕುಂಡದಲ್ಲಿ ಈ ಅಲೆದಾಟವಿಲ್ಲ. ನೀರು ಹಾಕುವ ಕೆಲಸವೂ ಕಡಿಮೆ. ಕಿಟಕಿಯ ಪಕ್ಕ, ಜಗಲಿಯ ಮಾಡಿನ ಕೆಳಗೆ ಇಡುವವರಿಗೆ ಇದು ಚೆನ್ನಾಗಿ ಒದಗುತ್ತದೆ. ಆದರೆ ಮಲೆನಾಡಿನ ಬಯಲಿನಲ್ಲಿ ಇದನ್ನು ಇಡುವಂತಿಲ್ಲ. ಜುಲೈನ ಒಂದೇ ರಾತ್ರಿಯ ಮಳೆಗೆ ಕುಂಡ ತುಂಬಿ ತುಳುಕಿ, ಕುಂಡಕ್ಕೆ ತುಂಬಿದ ಹಗುರವಾದ ಪೀಟ್ (ಜೌಗಿನಲ್ಲಿ ಅರೆಕೊಳೆತ ಹಾವಸೆಯ ಪುಡಿ) ತೇಲಿ ಹೊರಗೆ ಹರಿದು, ಬೆಳಿಗ್ಗೆ ನೋಡಿದರೆ ಗಿಡ ನೆಲದ ಮೇಲಿರುತ್ತದೆ. ಇನ್ನೊಂದು ತೊಂದರೆ ನಿಧಾನದ್ದು. ನೀರು ಕದಲದೆ ನಿಂತಲ್ಲಿ ತಳದ ಪದರ ಕೊಳೆತು ಕೊಳೆಮೊಟ್ಟೆಯ ವಾಸನೆ ಬರುತ್ತದೆ. ಅಂಥ ಕುಂಡದಲ್ಲಿ ಪೀಟ್ ಕಡಿಮೆ ಮಾಡಿ ಮರಳನ್ನು ಹೆಚ್ಚಿಸಿದರೆ ವಾಸನೆ ತಗ್ಗುತ್ತದೆ.

ನನಗೆ ಒಗ್ಗಿದ್ದು ಮೂರನೆಯದು, ಪಕ್ಕದಲ್ಲಿ ತೂತಿರುವ ಕುಂಡ. ತಳ ಮುಚ್ಚಿರುತ್ತದೆ. ಅಂಚಿನಿಂದ ಮೂರು ಸೆಂಟಿಮೀಟರ್ ಕೆಳಗೆ ಗೋಡೆಯಲ್ಲಿ ಒಂದೇ ಒಂದು ತೂತು. ನೀರು ಅಲ್ಲಿಯವರೆಗೆ ನಿಲ್ಲುತ್ತದೆ, ಹೆಚ್ಚಾದದ್ದು ಹೊರಹೋಗುತ್ತದೆ. ಎಷ್ಟು ಮಳೆ ಹೊಯ್ದರೂ ಗಿಡ ತೇಲುವುದಿಲ್ಲ. ಮಳೆ ನಿಂತ ಮೇಲೂ ಒಳಗೆ ಎಂಟು ಸೆಂಟಿಮೀಟರ್ ನೀರಿನ ಆಸರೆ ಇರುತ್ತದೆ. ಮೇಲಿನಿಂದ ಸುರಿದ ಹೊಸ ನೀರು ಹಳೆಯದನ್ನು ಸ್ವಲ್ಪಮಟ್ಟಿಗೆ ಹೊರತಳ್ಳುವುದರಿಂದ ಲವಣವೂ ಅಷ್ಟು ಕೂಡುವುದಿಲ್ಲ. ಇಂಥ ಕುಂಡ ಅಂಗಡಿಯಲ್ಲಿ ಸಿಗುವುದು ಅಪರೂಪ, ಮನೆಯಲ್ಲೇ ಮಾಡಿಕೊಳ್ಳಬೇಕು. ಕಾಫಿ ಮೂಟೆ ಹೊಲಿಯುವ ದಬ್ಬಣವನ್ನು ಇಕ್ಕಳದಲ್ಲಿ ಹಿಡಿದು ಒಲೆಯ ಉರಿಯಲ್ಲಿ ಕಾಯಿಸಿ, ತೂತಿಲ್ಲದ ಡಬ್ಬದ ಗೋಡೆಗೆ ಒತ್ತಿ. ಬೆಣ್ಣೆಗೆ ಕಡ್ಡಿ ಚುಚ್ಚಿದಂತೆ ಒಳಗಿಳಿಯುತ್ತದೆ. ಎರಡು ಸುತ್ತು ತಿರುಗಿಸಿದರೆ ಮೂರು ನಾಲ್ಕು ಮಿಲಿಮೀಟರಿನ ದುಂಡು ತೂತು. ಹೊಗೆ ಒಳ್ಳೆಯದಲ್ಲ, ಕಿಟಕಿ ತೆರೆದಿಡಿ. ಒಳಗಡೆಯಿಂದ ತೂತಿಗೆ ಸೊಳ್ಳೆಪರದೆಯ ಚೂರು ಒತ್ತಿ ಅದರ ಮೇಲೆ ಮರಳು ಮಿಶ್ರಣ ತುಂಬಿದರೆ ಮಣ್ಣು ಹೊರಬರುವುದಿಲ್ಲ. ಗಿಡದ ಎಳೆ ಹೊರಗಿಣುಕುತ್ತದೆ, ಆದರೆ ಹೊರಗೆ ಗಾಳಿ ಮಾತ್ರ ಇರುವುದರಿಂದ ಅಲ್ಲಿಯೇ ಒಣಗುತ್ತದೆ.

ಬಣ್ಣದ ವಿಷಯವೂ ಸಣ್ಣದಲ್ಲ. ಕಪ್ಪು ಕುಂಡ ಬಿಸಿಲು ಹೀರಿ ಒಳಗಿನ ನೀರನ್ನು ಕಾಯಿಸುತ್ತದೆ. ನೆರಳಿನಲ್ಲಿ ಇಡುವುದಾದರೆ ಅಡ್ಡಿಯಿಲ್ಲ. ಐಸ್‌ಕ್ರೀಂ ಡಬ್ಬ ತಿಳಿಬಣ್ಣದ್ದು, ಒಳ್ಳೆಯ ಆಳದ್ದು, ಆದರೆ ಒಂದು ಬೇಸಿಗೆಯ ಬಿಸಿಲಿಗೆ ಪುಡಿಪುಡಿಯಾಗಿ ಸೀಳುತ್ತದೆ. ಪಾರದರ್ಶಕ ಡಬ್ಬದಲ್ಲಿ ಗೋಡೆಯ ಒಳಮೈಗೆ ಬೆಳಕು ಬಿದ್ದಲ್ಲೆಲ್ಲ ಹಸಿರು ಪಾಚಿ ಹಿಡಿದು ಎಳೆಗಳನ್ನು ಮುಚ್ಚುತ್ತದೆ. ಆದರೂ ನನ್ನ ಬಳಿ ಒಂದು ಪಾರದರ್ಶಕ ಡಬ್ಬ ಸದಾ ಇರುತ್ತದೆ. ಕಪ್ಪು ಕಾಗದವನ್ನು ಅಂಗಿಯಂತೆ ಸುತ್ತಿ ಇಟ್ಟಿರುತ್ತೇನೆ. ಸಂಜೆ ಅದನ್ನು ಸರಿಸಿ ಹತ್ತುಪಟ್ಟು ದೊಡ್ಡದಾಗಿ ತೋರಿಸುವ ಮಸೂರ ಹಿಡಿದರೆ ಗೋಡೆಗಂಟಿ ಸಾಗಿರುವ ಗಾಜಿನ ದಾರದಂಥ ಎಳೆ, ಅದರ ಅಕ್ಕಪಕ್ಕ ತೊಟ್ಟಿನಿಂದ ಜೋತ ಗುಳ್ಳೆಗಳು ಕಾಣುತ್ತವೆ. ಖಾಲಿ ಗುಳ್ಳೆ ಸೋಸಿದ ಗಂಜಿಯ ಹನಿಯಂತೆ ತಿಳಿಯಾಗಿರುತ್ತದೆ. ಉಂಡ ಗುಳ್ಳೆಯ ಹೊಟ್ಟೆಯಲ್ಲಿ ಕಂದು ಚುಕ್ಕೆ. ಒಮ್ಮೆ ಆ ಚುಕ್ಕೆ ಇನ್ನೂ ಮಿಸುಕಾಡುತ್ತಿತ್ತು. ಮನೆಯ ಮಕ್ಕಳಿಗೆ ತೋರಿಸುವ ಆಸೆಯಿದ್ದರೆ ಪಾಚಿಯ ತೊಂದರೆಯನ್ನು ಸಹಿಸಿಕೊಂಡು ಇಂಥದ್ದೊಂದನ್ನು ಇಡಿ.

ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ಪಿಂಗಾಣಿ ಕುಂಡಕ್ಕೆ ಒಳಗೂ ಹೊಳಪು ಲೇಪವಿದ್ದರೆ ಪ್ಲಾಸ್ಟಿಕ್ಕಿನಷ್ಟೇ ಒಳ್ಳೆಯದು, ತಂಪು ಇನ್ನೂ ಹೆಚ್ಚು. ಉಪ್ಪಿನಕಾಯಿ ಹಾಕಿದ್ದ ಹಳೆಯ ಭರಣಿ ಬೇಡ, ಬಿರುಕುಗಳಲ್ಲಿ ಸೇರಿದ ಉಪ್ಪು ತೊಳೆದರೂ ಹೋಗುವುದಿಲ್ಲ. ತಾಮ್ರ, ಹಿತ್ತಾಳೆ, ಸತುವಿನ ಲೇಪದ ತಗಡಿನ ಪಾತ್ರೆಗಳು ಎಷ್ಟೇ ಅಂದವಾಗಿದ್ದರೂ ಗಿಡಕ್ಕೆ ಮಾರಕ. ಕಾಫಿ ಸಸಿ ಮಾಡುವ ಕಪ್ಪು ಪಾಲಿಥೀನ್ ಚೀಲ ಮೈತುಂಬ ತೂತಿನದು, ಅದರ ಹುಟ್ಟೇ ನೀರು ಬಸಿಯಲೆಂದು. ಘಟ್ಟದ ಕೆಳಗಿನಿಂದ ಮೀನು ತುಂಬಿ ಬರುವ ಥರ್ಮಾಕೋಲ್ ಪೆಟ್ಟಿಗೆ ಮಾತ್ರ ಗಮನಕ್ಕೆ ಯೋಗ್ಯ. ಬಿಸಿಲನ್ನು ಅದು ಒಳಬಿಡುವುದಿಲ್ಲ. ಉಪ್ಪು, ವಾಸನೆ ಹೋಗುವಂತೆ ಮೂರು ನಾಲ್ಕು ದಿನ ನೀರು ಬದಲಿಸುತ್ತಾ ನೆನೆಸಿಟ್ಟು, ಆರೇಳು ಕುಂಡಗಳನ್ನು ಅದರೊಳಗೆ ಜೋಡಿಸಿದರೆ ಬೇಸಿಗೆ ಸಲೀಸಾಗಿ ಕಳೆಯುತ್ತದೆ.

ಕುಂಡದೊಳಗೆ ಏನು ತುಂಬುತ್ತೇವೆ ಎನ್ನುವುದು ಸರಿಯಿಲ್ಲದಿದ್ದರೆ ಕುಂಡದ ಆಯ್ಕೆಯೆಲ್ಲ ವ್ಯರ್ಥ. ಪೀಟ್ ಮಾಸ್ ಒಂದು ಪಾಲು, ತೊಳೆದ ಹೊಳೆಮರಳು ಒಂದು ಪಾಲು. ಎಂ-ಸ್ಯಾಂಡ್ ಬೇಡ, ಅದರ ಕಲ್ಲುಪುಡಿ ಗಟ್ಟಿಯಾಗಿ ಕೂರುತ್ತದೆ. ಪೀಟ್ ಬದಲು ಕೊಕೊಪೀಟ್ ಬಳಸುವುದಾದರೆ ಅದರಲ್ಲಿ ಉಪ್ಪಿನ ಅಂಶವಿರುತ್ತದೆ, ನಾಲ್ಕೈದು ಸಲ ಮಳೆನೀರಿನಲ್ಲಿ ನೆನೆಸಿ ಹಿಂಡಿ ತೆಗೆಯಿರಿ. ಗೊಬ್ಬರ, ಕೆಮ್ಮಣ್ಣು, ಎರೆಗೊಬ್ಬರ ಯಾವುದನ್ನೂ ಸೇರಿಸಬೇಡಿ. ನೀರು ಮಳೆಯದೇ ಆಗಲಿ. ಹಂಚಿನ ಮಾಡಿನ ದೋಣಿಯಿಂದ ಬೀಳುವುದನ್ನು ಮೊದಲ ಎರಡು ಮಳೆ ಬಿಟ್ಟು ಡ್ರಮ್ಮಿನಲ್ಲಿ ಹಿಡಿದರೆ ಬೇಸಿಗೆಗೂ ಆಗುತ್ತದೆ. ಇಲ್ಲವಾದರೆ ಆರ್‌ಒ ನೀರು. ನೀರಿನಲ್ಲಿ ಕರಗಿದ ಲವಣವನ್ನು ಅಳೆಯುವ ಟಿಡಿಎಸ್ ಮೀಟರ್ 50ಕ್ಕಿಂತ ಕಡಿಮೆ ತೋರಿಸಿದರೆ ನಿಶ್ಚಿಂತೆ. 100 ದಾಟಿದರೆ ಆ ನೀರನ್ನು ಹಾಕಬೇಡಿ.

ಬಂಡೆಯ ಗಿಡಕ್ಕೆ

ಸ್ಟ್ರಯಾಟುಲಾದಂಥ ಗಿಡಕ್ಕೆ ನೀರು ನಿಲ್ಲುವುದಕ್ಕಿಂತ ನೀರು ಹರಿದುಹೋಗುತ್ತಲೇ ಇರುವುದು ಮುಖ್ಯ. ದರೆಯ ಮೇಲೆ ಅದು ಬದುಕುವುದು ಕೂದಲೆಳೆಯಷ್ಟು ತೆಳ್ಳನೆಯ ನೀರಿನ ಪದರದಲ್ಲಿ. ಇದಕ್ಕೆ ಮಲೆನಾಡಿನ ಮನೆಯಲ್ಲಿ ಸಿಗುವ ಎಲ್ಲವನ್ನೂ ನಾನು ಪ್ರಯತ್ನಿಸಿದ್ದೇನೆ. ಅಡಿಕೆ ಹಾಳೆಯ ದೊನ್ನೆ ಎರಡು ತಿಂಗಳಿಗೆ ಬೂಷ್ಟು ಹಿಡಿದು ಮೆತ್ತಗಾಯಿತು. ತೆಂಗಿನ ಕರಟ ಬಾಳಿಕೆಯದ್ದು, ಆದರೆ ಅದರಲ್ಲಿ ಹಿಡಿಯುವ ನೀರು ಒಂದು ಬಿಸಿಲಿಗೆ ಸಾಲದು. ಬಿದಿರಿನ ಅಂಡೆಯನ್ನು ಉದ್ದಕ್ಕೆ ಸೀಳಿ ಹಾವಸೆ ಹಾಸಿದ್ದು ನೋಡಲು ಬಲು ಚೆಂದವಿತ್ತು, ಒಂದೂವರೆ ವರ್ಷ ಬಂತು. ಆಮೇಲೆ ಬಿದಿರೇ ಕುಂಬಾಯಿತು.

ಉಳಿದವು ಎರಡು. ಆರ್ಕಿಡ್ ಬೆಳೆಸಲು ಬಳಸುವ, ಗೋಡೆಯೆಲ್ಲ ಕಿಂಡಿಯಿರುವ ಪ್ಲಾಸ್ಟಿಕ್ ಬುಟ್ಟಿಯಲ್ಲಿ ಸ್ಫ್ಯಾಗ್ನಂ ಹಾವಸೆ ತುಂಬಿ, ಒಂದು ಸೆಂಟಿಮೀಟರ್ ನೀರಿನಲ್ಲಿ ನಿಲ್ಲಿಸುವುದು ಸುಲಭದ ದಾರಿ. ದಕ್ಷಿಣ ಅಮೆರಿಕದ ಆಲ್ಪೈನಾ, ರೆನಿಫಾರ್ಮಿಸ್ ಮುಂತಾದ ದೊಡ್ಡ ಎಲೆಯ ಗುಳ್ಳೆಗಿಡಗಳಿಗೂ ಇದೇ ಸರಿ, ಅವುಗಳ ದಪ್ಪ ಎಳೆಗಳಿಗೆ ಕಿಂಡಿಯಿಂದ ಹೊರಬಂದು ಮತ್ತೆ ಒಳಹೋಗುವ ಚಾಳಿಯಿದೆ. ಇನ್ನೊಂದು ದಾರಿಯಲ್ಲಿ ಕುಂಡವೇ ಇಲ್ಲ. ಒರಟು ಮೈಯ ಕಲ್ಲೊಂದನ್ನು ಅಗಲ ಬೋಗುಣಿಯಲ್ಲಿ ನಿಲ್ಲಿಸಿ, ಕಲ್ಲಿನ ನೆತ್ತಿಗೆ ಹತ್ತಿಯ ಬತ್ತಿಯಿಂದ ನೀರು ಏರುವಂತೆ ಮಾಡಿ, ಹಾವಸೆ ಹಿಡಿಸುವುದು. ಹಾವಸೆ ಹಿಡಿಯಲು ಒಂದು ಮಳೆಗಾಲ ಬೇಕು. ತಾಳ್ಮೆಯಿರುವವರಿಗೆ ಇದನ್ನೇ ಹೇಳುತ್ತೇನೆ, ಏಕೆಂದರೆ ಆ ಕಲ್ಲಿನ ಮೇಲೆ ಹೂ ಬಂದಾಗ ಅದು ದರೆಯಲ್ಲಿ ಕಂಡಂತೆಯೇ ಕಾಣುತ್ತದೆ.

ನೀರಿನ ಗಿಡಕ್ಕೆ

ತೇಲುವ ಗುಳ್ಳೆಗಿಡಗಳಿಗೆ ಪಾತ್ರೆಯ ಬಾಯಿ ಅಗಲವಾಗಿರಬೇಕು, ನೀರು ಹೆಚ್ಚಿರಬೇಕು. ಮೇಜಿನ ಮೇಲಿನ ಗಾಜಿನ ಬಟ್ಟಲಿನಲ್ಲಿ ಗಿಬ್ಬಾ ಒಂದೆರಡು ತಿಂಗಳು ಅಂದವಾಗಿರುತ್ತದೆ. ನಾಲ್ಕೂ ಕಡೆಯಿಂದ ಬೆಳಕು ಹೊಕ್ಕು ನೂಲಿನಂಥ ಪಾಚಿ ಸೇರಿಕೊಂಡರೆ ಗಿಡವನ್ನೂ ಪಾಚಿಯನ್ನೂ ಬಿಡಿಸಲು ಸಾಧ್ಯವಿಲ್ಲ, ಎರಡೂ ಒಂದೇ ಹೆಣಿಗೆಯಾಗಿರುತ್ತವೆ. ಗಾಜೇ ಬೇಕೆಂದರೆ ಮೂರು ಬದಿಗೆ ಕಾಗದ ಹಚ್ಚಿ.

ಇಪ್ಪತ್ತು ಲೀಟರಿಗಿಂತ ಹೆಚ್ಚು ಹಿಡಿಯುವ ಪ್ಲಾಸ್ಟಿಕ್ ಟಬ್ ಇದಕ್ಕಿಂತ ಎಷ್ಟೋ ಮೇಲು. ನೀರು ಹೆಚ್ಚಿದ್ದಷ್ಟೂ ಬಿಸಿಲಿಗೆ ಬೇಗ ಕಾಯುವುದಿಲ್ಲ. ತಳಕ್ಕೆ ಒಂದು ಹಿಡಿ ಪೀಟ್, ನಾಲ್ಕು ಒಣ ಹಲಸಿನೆಲೆ ಹಾಕಿದರೆ ನೀರು ಚಹಾದ ಬಣ್ಣಕ್ಕೆ ತಿರುಗಿ ತುಸು ಹುಳಿಯಾಗುತ್ತದೆ, ಪಾಚಿಯೂ ಹತೋಟಿಯಲ್ಲಿರುತ್ತದೆ. ಆರಿಯಾದಂಥ ದೊಡ್ಡ ಗಿಡಕ್ಕೆ ಟಬ್ಬೂ ಇಕ್ಕಟ್ಟು, ಮೊದಲು ಹೇಳಿದ ಕಲ್ಲಿನ ಮರಿಗೆಯೇ ಒಪ್ಪುತ್ತದೆ. ಮೀನು ಬಿಟ್ಟರೆ ಅವುಗಳ ಹಿಕ್ಕೆಯಿಂದ ನೀರು ಗೊಬ್ಬರವಾಗಿ ಪಾಚಿಯೇ ಗೆಲ್ಲುತ್ತದೆ. ಟಬ್ ತೊಳೆದ ನೀರನ್ನು ಕೆರೆಗೋ ಹಳ್ಳಕ್ಕೋ ಚೆಲ್ಲಬೇಡಿ, ಗಿಡದ ಒಂದು ತುಣುಕು ಸಾಕು ಅಲ್ಲಿ ಹರಡಲು. ತೋಟದ ಒಣ ನೆಲಕ್ಕೆ ಚೆಲ್ಲಿ.

ಸೊಳ್ಳೆಯ ಲೆಕ್ಕ

ಡೆಂಗಿಯ ಕಾಲದಲ್ಲಿ ಆಶಾ ಕಾರ್ಯಕರ್ತೆಯರು ಮನೆಮನೆಗೆ ಬಂದು ನಿಂತ ನೀರು ಎಲ್ಲಿದೆಯೆಂದು ಹುಡುಕುವಾಗ ನಮ್ಮ ತಟ್ಟೆಗಳೇ ಮೊದಲು ಕಣ್ಣಿಗೆ ಬೀಳುತ್ತವೆ. ಅವರು ಚೆಲ್ಲಿ ಎಂದರೆ ಅದು ನ್ಯಾಯವೇ. ನೀರಿನ ಗುಳ್ಳೆಗಿಡ ಎಳೆಯ ಸೊಳ್ಳೆಮರಿಗಳನ್ನು ಹಿಡಿಯುತ್ತದೆ ಎನ್ನುವುದು ನಿಜ, ಆದರೆ ಎಲ್ಲವನ್ನೂ ಹಿಡಿಯುವುದಿಲ್ಲ. ಮನೆಯವರ ಆರೋಗ್ಯವನ್ನು ಅದರ ಮೇಲೆ ಬಿಡಲಾಗದು. ಪಕ್ಕದ ತೂತಿನ ಕುಂಡವನ್ನು ನಾನು ಇಷ್ಟು ಹೊಗಳುವುದಕ್ಕೆ ಇದೂ ಒಂದು ಕಾರಣ, ನೀರೆಲ್ಲ ಮಣ್ಣಿನ ಮೇಲ್ಮೈಗಿಂತ ಕೆಳಗೇ ಇರುವುದರಿಂದ ಸೊಳ್ಳೆಗೆ ಮೊಟ್ಟೆಯಿಡಲು ತೆರೆದ ನೀರು ಸಿಗುವುದಿಲ್ಲ. ತಟ್ಟೆ ಬಳಸುವವರು ಅದರ ತುಂಬ ದಪ್ಪ ಮರಳು ಹಾಕಿ, ನೀರು ಮರಳಿಗಿಂತ ಒಂದು ಬೆರಳು ಕೆಳಗಿರುವಂತೆ ನೋಡಿಕೊಂಡರೆ ಅದೇ ಫಲ ಸಿಗುತ್ತದೆ. ಟಬ್ಬಿಗೆ ಸಣ್ಣ ಕಣ್ಣಿನ ಪರದೆ ಬಿಗಿಯಾಗಿ ಕಟ್ಟಿ. ಹೂವಿನ ದಂಟಿಗೆ ಪರದೆಯಲ್ಲಿ ದಾರಿ ಮಾಡಬೇಕಾದರೆ ಅದರ ಸುತ್ತ ಹತ್ತಿ ಸುತ್ತಿ.

ಮೊದಲ ಸಲ ಬೆಳೆಸುವವರು ಯಾವುದರಿಂದ ಶುರು ಮಾಡಬೇಕೆಂದು ಕೇಳಿದರೆ, ಹನ್ನೆರಡು ಸೆಂಟಿಮೀಟರ್ ಆಳದ ತಿಳಿಬಣ್ಣದ ಪ್ಲಾಸ್ಟಿಕ್ ಡಬ್ಬ, ಪಕ್ಕದಲ್ಲೊಂದು ತೂತು, ಅದರೊಳಗೆ ಸ್ಯಾಂಡರ್ಸೋನಿ ಅಥವಾ ಲಿವಿಡಾ. ಮೇ ತಿಂಗಳ ಕೊನೆಗೆ ಡಬ್ಬ ತಯಾರಿಸಿ ಮಿಶ್ರಣ ತುಂಬಿ ಮಳೆಗೆ ಒಡ್ಡಿ. ಒಣ ಪೀಟ್ ನೀರು ಹೀರಲು ಹಟ ಮಾಡುತ್ತದೆ, ಒಂದು ವಾರ ಬೇಕೇ ಬೇಕು. ಆಮೇಲೆ ಸ್ನೇಹಿತರ ಕುಂಡದಿಂದ ಹೆಬ್ಬೆರಳ ಗಾತ್ರದ ಮಣ್ಣಿನ ಮುದ್ದೆಯನ್ನು ಎಲೆ, ಎಳೆಗಳ ಸಮೇತ ಚಮಚೆಯಿಂದ ತೆಗೆಸಿಕೊಂಡು, ನಿಮ್ಮ ಡಬ್ಬದ ನಡುವೆ ಅಷ್ಟೇ ಗಾತ್ರದ ಗುಳಿ ಮಾಡಿ ಕೂರಿಸಿ. ಎಳೆಗಳನ್ನು ಬಿಡಿಸಿ ತೊಳೆಯಬೇಡಿ, ಹರಿದುಹೋಗುತ್ತವೆ. ಬೆಳಗಿನ ಬಿಸಿಲು ಬೀಳುವಲ್ಲಿ ಇಟ್ಟರೆ ನಾಲ್ಕಾರು ವಾರದಲ್ಲಿ ಮುದ್ದೆಯಿಂದ ದೂರ, ಡಬ್ಬದ ಅಂಚಿನ ಹತ್ತಿರ, ಎಳ್ಳಿನಷ್ಟು ಹಸಿರು ಎಲೆಯೊಂದು ಮೇಲೆ ಬಂದಿರುತ್ತದೆ. ಗಿಡ ಕೆಳಗಿನಿಂದ ಅಲ್ಲಿಯವರೆಗೆ ತಲುಪಿದೆ ಎಂದು ಅದರಿಂದ ತಿಳಿಯಿರಿ.